ನಂಬಿದವರಿಗೂ ನೋವೇಕೆ?



ತೀರಿಕೊಂಡ ತಂದೆ-ತಾಯಿಯ ನೆನಪಿನಲ್ಲಿ ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ಈ ಸಲದ ವಿಷಯವನ್ನು ತಾವೇ ಸೂಚಿಸಿದರು. ದೇವರನ್ನು ಮನಸಾರೆ ನಂಬಿ ನಡೆಯುವ ಕ್ರೈಸ್ತರಿಗೂ ಕಷ್ಟ ಏಕೆ ತಪ್ಪುವುದಿಲ್ಲ ಎಂಬುದು ಆ ವಿಷಯ. ಪುಸ್ತಕದಲ್ಲಿ ಓದುವಾಗ ಇದು ತತ್ವದ ಪ್ರಶ್ನೆಯಂತೆ ಕಾಣುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ನಮ್ಮ ಊರುಗಳಲ್ಲಿ ಇದನ್ನು ಆಸ್ಪತ್ರೆಯ ಪಡಸಾಲೆಯಲ್ಲಿ, ಮಣ್ಣು ಮಾಡಿ ಬಂದ ಮೇಲೆ ಕಟ್ಟೆಯ ಮೇಲೆ ಕೂತಾಗ, ಬೆಳೆ ಹೋದ ಹೊಲದ ಬದುವಿನಲ್ಲಿ ಕೇಳುತ್ತಾರೆ. “ನಾವ್ ಯಾರಿಗೆ ಏನ್ ಅನ್ಯಾಯ ಮಾಡಿದ್ವಿ ರೀ? ವಾರ ತಪ್ಪದ ಚರ್ಚಿಗೆ ಹೋಗ್ತೀವಿ, ಉಪವಾಸ ಪ್ರಾರ್ಥನಿ ಮಾಡ್ತೀವಿ. ಆದ್ರೂ ನಮಗ ಯಾಕ ಹಿಂಗ?” ಈ ಮಾತನ್ನು ಕೇಳದ ಸಭಾಪಾಲಕರು ಈ ಭಾಗದಲ್ಲಿ ಇರಲಿಕ್ಕಿಲ್ಲ.

ನಾನು ಹೇಳಬೇಕೆಂದಿರುವುದನ್ನು ಮೊದಲೇ ಹೇಳಿಬಿಡುತ್ತೇನೆ. ನೋವು ಬಂದವರ ನಂಬಿಕೆಯನ್ನು ತೂಗಿ ನೋಡುವ ಅಧಿಕಾರವನ್ನು ದೇವರು ನಮಗೆ ಕೊಟ್ಟಿಲ್ಲ. ಆ ನೋವು ಎಲ್ಲಿಂದ ಬಂತು, ಯಾರ ಕೈಯಿಂದ ಬಂತು ಎಂದು ಬಿಡಿಸಿ ನೋಡುವ ಹೊಣೆಯನ್ನು, ನೊಂದವರ ಪಕ್ಕದಲ್ಲಿ ನಿಲ್ಲುವ ಹೊಣೆಯನ್ನು ಕೊಟ್ಟಿದ್ದಾನೆ. ನಾವು ಎಷ್ಟೋ ಸಲ ಈ ಹೊಣೆಯನ್ನು ಬಿಟ್ಟು, ಇಲ್ಲದ ಅಧಿಕಾರವನ್ನು ಚಲಾಯಿಸುತ್ತೇವೆ.

ಯೋಬನ ಗೆಳೆಯರು

ಸತ್ಯವೇದದಲ್ಲಿ ಈ ಪ್ರಶ್ನೆಗೆಂದೇ ಮೀಸಲಾದ ಒಂದು ಪುಸ್ತಕವಿದೆ. 42 ಅಧ್ಯಾಯಗಳ ಯೋಬನ ಪುಸ್ತಕ. ಯೋಬ ನೀತಿವಂತ ಎಂಬುದನ್ನು ಪುಸ್ತಕ ಮೊದಲ ಸಾಲಿನಲ್ಲೇ ತೀರ್ಮಾನಿಸಿಬಿಡುತ್ತದೆ. ಓದುಗರು ಮುಂದೆ ಯಾವ ಅನುಮಾನವನ್ನೂ ಇಟ್ಟುಕೊಳ್ಳಬಾರದು ಎಂದೇ ಹಾಗೆ. ದನಕರು ಹೋದವು, ಮಕ್ಕಳು ಸತ್ತರು, ಮೈತುಂಬ ಹುಣ್ಣಾಯಿತು. ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ದೂರದಿಂದ ಬಂದರು. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಆ ಪುಸ್ತಕದಲ್ಲಿ ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಮೂವರೂ ಒಂದೇ ರಾಗ ಎಳೆದರು: ದೇವರು ನ್ಯಾಯವಂತ, ನಿನಗೆ ಕಷ್ಟ ಬಂದಿದೆ, ಅಂದಮೇಲೆ ನೀನು ಏನೋ ತಪ್ಪು ಮಾಡಿರಲೇಬೇಕು, ಒಪ್ಪಿಕೋ. ಕೊನೆಗೆ ದೇವರು ಕೋಪಗೊಂಡದ್ದು ಜಗಳವಾಡಿದ ಯೋಬನ ಮೇಲಲ್ಲ, ತನ್ನ ಪರವಾಗಿ ವಾದಿಸಿದ ಈ ಗೆಳೆಯರ ಮೇಲೆ. ದೇವರನ್ನು ಸಮರ್ಥಿಸಲು ಹೋಗಿ ನೊಂದವನ ಮೇಲೆ ಸುಳ್ಳು ಹೊರಿಸುವುದನ್ನು ದೇವರೇ ಒಪ್ಪುವುದಿಲ್ಲ. ಈ ತೀರ್ಪನ್ನು ನಮ್ಮ ಪ್ರತಿ ಪ್ರಾರ್ಥನಾ ಕೂಟವೂ ನೆನಪಿಡಬೇಕು.

ಯೇಸುವಿನ ಕಾಲದಲ್ಲೂ ಇದೇ ಲೆಕ್ಕಾಚಾರ ನಡೆದಿತ್ತು. ಹುಟ್ಟುಕುರುಡನೊಬ್ಬನನ್ನು ನೋಡಿ ಶಿಷ್ಯರು, ಇದು ಇವನ ಪಾಪವೋ ಹೆತ್ತವರ ಪಾಪವೋ ಎಂದು ಕೇಳಿದರು. ಯೇಸು ಎರಡನ್ನೂ ತಳ್ಳಿಹಾಕಿ, ಅವನಿಗಾಗಿ ಮಾಡಬೇಕಾದ ಕೆಲಸದ ಕಡೆಗೆ ಅವರ ಮುಖ ತಿರುಗಿಸಿದನು. ಸಿಲೋವದ ಗೋಪುರ ಕುಸಿದು 18 ಜನ ಸತ್ತಾಗಲೂ ಹಾಗೆಯೇ. ಸತ್ತವರು ಬದುಕಿದವರಿಗಿಂತ ಹೆಚ್ಚು ಪಾಪಿಗಳೆಂದು ತಿಳಿಯಬೇಡಿ ಎಂದು ಎಚ್ಚರಿಸಿದನು. ಇಷ್ಟು ಸ್ಪಷ್ಟವಾಗಿ ಗುರು ಹೇಳಿಕೊಟ್ಟ ಮೇಲೂ ನಾವು ಕಾಯಿಲೆಬಿದ್ದವರ ಮನೆಗೆ ಹೋಗಿ, “ಏನರೆ ಗುಪ್ತ ಪಾಪ ಐತೇನ್ ನೋಡ್ರಿ” ಅನ್ನುತ್ತೇವೆ.

ಈ ನೆಲದವರಿಗೆ ಇದನ್ನು ತಿಳಿಸಲು ಬೇರೆ ದೇಶದ ಕಥೆಯೇ ಬೇಕೆಂದಿಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮನೆಗೂ ಬ್ರಾಹ್ಮಣ ಮೂಲದ ಮಧುವರಸನ ಮನೆಗೂ ಬೀಗತನ ಬೆಳೆಯಿತು. ಅದಕ್ಕೆ ಶಿಕ್ಷೆಯಾಗಿ ಅವರಿಬ್ಬರೂ ಕಟ್ಟಿ ಎಳೆದು ಕೊಲ್ಲುವ ಎಳೆಹೂಟೆಗೆ ಸಿಕ್ಕಿ ಪ್ರಾಣ ಬಿಟ್ಟರು. ಅವರ ಭಕ್ತಿ ಕಡಿಮೆಯಿತ್ತು, ಅದಕ್ಕೇ ಹೀಗಾಯಿತು ಎಂದು ಈ ಭಾಗದ ಯಾವ ಶರಣರೂ ಹೇಳುವುದಿಲ್ಲ. ಕ್ರೂರವಾದದ್ದು ಆಳುವವರ ಮನಸ್ಸು ಎನ್ನುತ್ತಾರೆ. 1831ರ ಜನವರಿ 26ರಂದು ನಂದಗಡದಲ್ಲಿ ಬ್ರಿಟಿಷರು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದರು. ಅವನ ಸಾವನ್ನು ಅವನ ತಪ್ಪಿಗೆ ಸಾಕ್ಷಿ ಎಂದು ನಮ್ಮ ಜಿಲ್ಲೆಯಲ್ಲಿ ಯಾರಾದರೂ ಓದಿದ್ದಾರೆಯೆ? ಒಳ್ಳೆಯವರಿಗೆ ಕೆಟ್ಟದ್ದಾಗುತ್ತದೆ, ಅದರಿಂದ ಅವರು ಕೆಟ್ಟವರಾಗುವುದಿಲ್ಲ ಎಂಬ ತಿಳಿವಳಿಕೆ ಈ ನೆಲಕ್ಕೆ ಮೊದಲಿನಿಂದಲೂ ಇದೆ. ಚರ್ಚಿನ ಬಾಗಿಲು ದಾಟಿದೊಡನೆ ಅದನ್ನು ಹೊರಗೆ ಬಿಡಬಾರದು.

ಒಂದೇ ಸಭೆ, ಎರಡು ಗತಿ

ನಂಬಿಕೆ ಗಟ್ಟಿಯಿದ್ದರೆ ರೋಗವೇ ಬರುವುದಿಲ್ಲ, ಸಾಲ ತೀರುತ್ತದೆ, ಶತ್ರು ಓಡುತ್ತಾನೆ ಎಂಬ ಬೋಧನೆ ಇಂದು ಧ್ವನಿವರ್ಧಕದಲ್ಲೂ ಮೊಬೈಲಿನಲ್ಲೂ ಹಳ್ಳಿಹಳ್ಳಿಗೆ ಬಂದಿದೆ. ಪ್ರಾರ್ಥನೆಯಿಂದ ವಾಸಿಯಾದವರ ಸಾಕ್ಷಿಯನ್ನು ನಾನು ಅಲ್ಲಗಳೆಯುವುದಿಲ್ಲ. ದೇವರು ಗುಣಪಡಿಸುತ್ತಾನೆ ಎಂದು ನಾನೂ ನಂಬುತ್ತೇನೆ. ಆದರೆ ವಾಸಿಯಾಗದವರು ಈ ಬೋಧನೆಯಿಂದ ಎರಡು ಸಲ ಪೆಟ್ಟು ತಿನ್ನುತ್ತಾರೆ. ಮೊದಲನೆಯದು ರೋಗದ ಪೆಟ್ಟು. ಎರಡನೆಯದು, ನಿನ್ನ ನಂಬಿಕೆ ಸಾಲಲಿಲ್ಲ ಎಂಬ ಮಾತಿನ ಪೆಟ್ಟು.

ಅಪೊಸ್ತಲರ ಕೃತ್ಯಗಳ 12ನೇ ಅಧ್ಯಾಯವನ್ನು ಇಂಥ ಬೋಧಕರು ನಿಧಾನವಾಗಿ ಓದಬೇಕು. ಅರಸನಾದ ಹೆರೋದನು ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದನು. ಆಮೇಲೆ ಪೇತ್ರನನ್ನು ಸೆರೆಯಲ್ಲಿಟ್ಟನು. ದೇವದೂತನು ಬಂದು ಪೇತ್ರನನ್ನು ಬಿಡಿಸಿದನು. ಅರಸನೂ ಒಬ್ಬನೇ, ಸಭೆಯೂ ಒಂದೇ, ಇಬ್ಬರೂ ಯೇಸುವಿನ ಹತ್ತಿರದ ಮೂವರು ಶಿಷ್ಯರಲ್ಲಿ ಸೇರಿದವರು. ಒಬ್ಬನು ಸತ್ತನು, ಒಬ್ಬನು ಉಳಿದನು. ಯಾಕೋಬನ ನಂಬಿಕೆ ಕಡಿಮೆಯಿತ್ತೆಂದು ಆ ಪುಸ್ತಕದ ಲೇಖಕ ಲೂಕನು ಬರೆಯಲಿಲ್ಲ. ಏಕೆ ಹೀಗಾಯಿತೆಂಬ ವಿವರಣೆಯನ್ನೂ ಕೊಡಲಿಲ್ಲ. ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯವೂ ಹಾಗೆಯೇ ನಡೆಯುತ್ತದೆ. ನಂಬಿಕೆಯಿಂದ ಕತ್ತಿಯ ಬಾಯಿಂದ ತಪ್ಪಿಸಿಕೊಂಡವರನ್ನು ಹೇಳಿ, ಅದೇ ಉಸಿರಿನಲ್ಲಿ ಕತ್ತಿಗೆ ಬಲಿಯಾದವರನ್ನೂ ಅದೇ ನಂಬಿಕೆಯ ಸಾಕ್ಷಿಗಳೆಂದು ಹೇಳುತ್ತದೆ.

ಪೌಲನ ಸುತ್ತ ಇದ್ದವರನ್ನು ನೋಡಿ. ತಿಮೊಥೆಯನಿಗೆ ಹೊಟ್ಟೆಯ ತೊಂದರೆ ಮೇಲಿಂದ ಮೇಲೆ ಬರುತ್ತಿತ್ತು. ಎಪಫ್ರೊದೀತನು ಸಾಯುವ ಹಾಗಾಗಿದ್ದನು. ತ್ರೊಫಿಮನನ್ನು ಪೌಲನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟು ಮುಂದೆ ಹೋಗಬೇಕಾಯಿತು. ಪೌಲನಿಗೇ ಮೈಯಲ್ಲಿ ಒಂದು ಬಾಧೆಯಿತ್ತು. ತೆಗೆದುಬಿಡು ಎಂದು ಮೂರು ಸಲ ಬೇಡಿಕೊಂಡರೂ ಅದು ಹೋಗಲಿಲ್ಲ. ಸಿಕ್ಕಿದ್ದು ಅದರ ಜೊತೆಗೇ ಬಾಳುವಷ್ಟು ಕೃಪೆ. ಈ ಪಟ್ಟಿಯನ್ನು ಮುಂದಿಟ್ಟುಕೊಂಡು, ಸಕ್ಕರೆ ಕಾಯಿಲೆಯ ಗುಳಿಗೆ ನುಂಗುವುದು ನಂಬಿಕೆಯ ಕೊರತೆ ಎಂದು ಯಾರಾದರೂ ಹೇಳಬಲ್ಲರೆ? ಪೌಲನು ತಿಮೊಥೆಯನಿಗೆ ಹೊಟ್ಟೆಗಾಗಿ ಏನು ಕುಡಿಯಬೇಕೆಂದು ಪತ್ರದಲ್ಲಿ ಬರೆದು ತಿಳಿಸಿದನು. ಪ್ರಾರ್ಥನೆಯೂ ಔಷಧವೂ ಆ ಮೊದಲ ಸಭೆಯಲ್ಲೇ ಒಟ್ಟಿಗೆ ಇದ್ದವು. ಹುಕ್ಕೇರಿಯ ಯಾವುದೋ ಹಳ್ಳಿಯಲ್ಲಿ ಕ್ಷಯದ ಗುಳಿಗೆಯನ್ನು ನಡುವೆ ನಿಲ್ಲಿಸಿ ಪ್ರಾರ್ಥನೆಗೆ ಮಾತ್ರ ಕರೆದುಕೊಂಡು ಹೋಗುವವರಿದ್ದರೆ, ಅವರು ದೇವರ ಹೆಸರಿನಲ್ಲಿ ಒಂದು ಜೀವದ ಜೊತೆ ಆಟವಾಡುತ್ತಿದ್ದಾರೆ.

ಘಟಪ್ರಭೆಯ ನೀರು

ಇನ್ನು ಪ್ರಕೃತಿಯಿಂದ ಬರುವ ನೋವು. 2019ರ ಆಗಸ್ಟ್ ತಿಂಗಳನ್ನು ಇಲ್ಲಿ ಕೂತ ಯಾರೂ ಮರೆತಿಲ್ಲ. ಸಹ್ಯಾದ್ರಿಯಲ್ಲಿ ಬಿದ್ದ ಮಳೆಗೆ ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಮೂರೂ ಒಟ್ಟಿಗೆ ಉಕ್ಕಿದವು. 51 ಟಿಎಂಸಿ ಹಿಡಿಯುವ ಹಿಡಕಲ್ ಜಲಾಶಯದಿಂದ ನೀರು ಬಿಡಬೇಕಾಯಿತು. ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ತಗ್ಗಿನ ಓಣಿಗಳಿಗೆ ನೀರು ನುಗ್ಗಿತು, ಕಬ್ಬು ಹೊಲದಲ್ಲೇ ಕೊಳೆಯಿತು, ಮಣ್ಣಿನ ಗೋಡೆಗಳು ಕುಸಿದವು. ನೀರು ಒಳಗೆ ಬರುವ ಮೊದಲು ಬಾಗಿಲಲ್ಲಿ ಶಿಲುಬೆಯಿದೆಯೋ, ತೋರಣವಿದೆಯೋ, ಚಂದ್ರನ ಗುರುತಿದೆಯೋ ಎಂದು ನೋಡಲಿಲ್ಲ. ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಒಂದೇ ಮಳೆ ಸುರಿಯುತ್ತದೆಂದು ಯೇಸು ಗುಡ್ಡದ ಮೇಲಿನ ಬೋಧನೆಯಲ್ಲಿ ಹೇಳಿದ್ದನ್ನು ನಾವು ಆಶೀರ್ವಾದದ ಮಾತಾಗಿ ಮಾತ್ರ ಕೇಳುತ್ತೇವೆ. ಹೆಚ್ಚಾದ ಮಳೆಯೂ ಎಲ್ಲರ ಮೇಲೂ ಬೀಳುತ್ತದೆ.

ದೇವರು ತನ್ನವರ ಮನೆಗಳನ್ನಾದರೂ ಬಿಟ್ಟುಬಿಡಬಹುದಿತ್ತಲ್ಲ ಎಂದು ಕೇಳುವುದುಂಟು. ಯೋಚಿಸಿ ನೋಡಿ. ಗೋಕಾಕದ ಬಂಡೆಯಿಂದ ಸುಮಾರು 170 ಅಡಿ ಧುಮುಕುವ ಘಟಪ್ರಭೆಯ ನೀರಿನ ಬಲವನ್ನು 19ನೇ ಶತಮಾನದ 80ರ ದಶಕದಲ್ಲೇ ನೂಲಿನ ಗಿರಣಿಗೆ ಬಳಸಿಕೊಂಡರು. ಎಷ್ಟೋ ತಲೆಮಾರುಗಳ ಒಲೆ ಆ ಗಿರಣಿಯ ಪಗಾರದಿಂದ ಉರಿಯಿತು. ಕಾಲುವೆಗೆ ಹರಿದ ಅದೇ ನದಿಯ ನೀರು ಮೂಡಲಗಿಯ ಕಡೆ ಕಬ್ಬು, ಗೋವಿನಜೋಳ ಬೆಳೆಸಿತು. ನೀರಿಗೆ ಭಾರವಿದೆ, ವೇಗವಿದೆ, ತಗ್ಗಿನ ಕಡೆಗೆ ಹರಿಯುವ ನಿಯಮವಿದೆ. ಆದ್ದರಿಂದಲೇ ಗಿರಣಿ ತಿರುಗಿತು, ಕಾಲುವೆ ಹರಿಯಿತು. ಆ ನಿಯಮವೇ ಒಂದು ಆಗಸ್ಟಿನಲ್ಲಿ ಗೋಡೆ ಕೆಡವಿತು. ನಂಬಿದವರ ಹೊಸ್ತಿಲಲ್ಲಿ ನೀರು ನಿಂತು, ಉಳಿದವರ ಮನೆಗೆ ನುಗ್ಗುವ ಲೋಕದಲ್ಲಿ ಯಾವ ರೈತನೂ ಬಿತ್ತಲಾರ, ಯಾವ ಎಂಜಿನಿಯರೂ ಸೇತುವೆ ಕಟ್ಟಲಾರ. ನೆರೆಯವನನ್ನು ಪ್ರೀತಿಸುವ ಕಾರಣವೂ ಅಲ್ಲಿ ಉಳಿಯಲಾರದು, ಏಕೆಂದರೆ ಜನ ದೇವರ ಹತ್ತಿರ ಬರುವುದು ವಿಮೆ ಮಾಡಿಸಲೆಂದು ಮಾತ್ರ ಆದೀತು.

ಈ ಮಾತು ಪ್ರಶ್ನೆಯ ಒಂದು ಭಾಗಕ್ಕೆ ಉತ್ತರ. ಇನ್ನೊಂದು ಭಾಗ ನಮ್ಮ ಕಡೆಗೆ ಬೊಟ್ಟು ಮಾಡುತ್ತದೆ. ಬಡವರೇ ಏಕೆ ಯಾವಾಗಲೂ ತಗ್ಗಿನಲ್ಲಿ, ನದಿಯ ದಂಡೆಯಲ್ಲಿ, ಮಣ್ಣಿನ ಗೋಡೆಯೊಳಗೆ ಇರುತ್ತಾರೆ? ನೀರು ಹರಿಯುವ ಜಾಗವನ್ನು ಒತ್ತಿದವರು ಯಾರು? ಪರಿಹಾರದ ಪಟ್ಟಿಯಿಂದ ಹೆಸರು ಬಿಟ್ಟುಹೋದದ್ದು ಯಾರದು? ಇವೆಲ್ಲವನ್ನೂ ದೇವರ ಚಿತ್ತ ಎಂಬ ಒಂದು ಮಾತಿನಲ್ಲಿ ಕಟ್ಟಿಡುವುದು ಭಕ್ತಿಯ ವೇಷದ ಸೋಮಾರಿತನ. ಮಳೆ ದೇವರದು ಎಂದರೆ ಒಪ್ಪೋಣ. ತಗ್ಗಿನ ಓಣಿಯನ್ನು ಬಡವರಿಗೆ ಕೊಟ್ಟದ್ದು ಮನುಷ್ಯರು.

ತುಕ್ಕಾನಟ್ಟಿಯ ಒಂದು ಮನೆ

ಈಗ ಮನುಷ್ಯರ ಕೈಯಿಂದಲೇ ಬರುವ ನೋವಿಗೆ ಬರುತ್ತೇನೆ. ಇದನ್ನು ಹೇಳದೆ ಈ ಉಪನ್ಯಾಸವನ್ನು ಈ ಮೂರು ತಾಲೂಕುಗಳ ನಡುವೆ ನಿಂತು ಮಾಡುವುದು ಸರಿಯಲ್ಲ.

2021ರ ಡಿಸೆಂಬರ್ 23ರಂದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಸೇರಿದ್ದ ವಿಧಾನಸಭೆ ಮತಾಂತರ ತಡೆಯುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಆ ವರ್ಷ ರಾಜ್ಯದಲ್ಲಿ ಕ್ರೈಸ್ತರ ಪ್ರಾರ್ಥನೆಗಳ ಮೇಲೆ ನಡೆದ 39 ದಾಳಿಗಳನ್ನು ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ದಾಖಲಿಸಿತ್ತು. ಮಸೂದೆಗೆ ಒಪ್ಪಿಗೆ ಸಿಕ್ಕ ವಾರದೊಳಗೆ, ಡಿಸೆಂಬರ್ 29ರಂದು, ಮೂಡಲಗಿ ತಾಲೂಕಿನ ತುಕ್ಕಾನಟ್ಟಿಯಲ್ಲಿ ಪ್ರಾರ್ಥನೆ ನಡೆದಿದ್ದ ಒಂದು ದಲಿತ ಕುಟುಂಬದ ಮನೆಗೆ ಗುಂಪೊಂದು ನುಗ್ಗಿತು. ಮತಾಂತರ ಮಾಡುತ್ತಿದ್ದೀರಿ ಎಂದು ಹೊಡೆದರು. ಮನೆಯೊಡತಿಯ ಮೇಲೆ ಬಿಸಿ ಸಾಂಬಾರ್ ಎರಚಿದರು ಎಂದು ಪತ್ರಿಕೆಗಳು ವರದಿ ಮಾಡಿದವು. ಮನೆಯವರು ಗಾಯಗೊಂಡರು. ಏಳು ಜನರ ಮೇಲೆ ಘಟಪ್ರಭಾ ಪೊಲೀಸರು ಪ್ರಕರಣ ದಾಖಲಿಸಿದರು. ಕ್ರಿಸ್ಮಸ್ ಹಬ್ಬ ಮುಗಿದು ನಾಲ್ಕೇ ದಿನವಾಗಿತ್ತು.

ಆ ಮನೆಯವರಿಗೆ ಈ ನೋವು ಏಕೆ ಬಂತು? ಇಲ್ಲಿ ದೇವರ ಗುಪ್ತ ಯೋಜನೆಯನ್ನು ಹುಡುಕುವ ಅಗತ್ಯವಿಲ್ಲ. ಕೆಲವರು ಬಾಗಿಲು ದಾಟಿ ಒಳಗೆ ಬಂದು ಹೊಡೆದದ್ದರಿಂದ ಬಂತು. ದೇವರು ಮನುಷ್ಯರಿಗೆ ಕೊಟ್ಟ ಸ್ವಾತಂತ್ರ್ಯವನ್ನು ಮನುಷ್ಯರು ಹೀಗೂ ಬಳಸುತ್ತಾರೆ. ತನ್ನ ಹಿಂದೆ ಬರುವವರು ಶಿಲುಬೆ ಹೊರಬೇಕಾಗುತ್ತದೆಂದು ಯೇಸು ಮೊದಲೇ ಎಚ್ಚರಿಸಿದ್ದು ಇಂಥದ್ದಕ್ಕೇ. ಆದರೆ ಆ ಎಚ್ಚರಿಕೆಯನ್ನು ಹೊಡೆದವರಿಗೆ ಅನುಮತಿಯೆಂದು ತಿಳಿಯಬಾರದು. ಹೊಡೆದವರ ಪಾಪ ಹೊಡೆದವರದೇ.

ಇಂಥ ಸಮಯದಲ್ಲಿ ಊರ ಹಿರಿಯರು, ಕೆಲವೊಮ್ಮೆ ನಮ್ಮ ಸಭೆಗಳ ಹಿರಿಯರೂ, “ಕ್ರಿಸ್ತ ಕ್ಷಮಿಸು ಅಂತ ಹೇಳ್ಯಾನಲ್ಲ, ಕಂಪ್ಲೇಂಟ್ ಯಾಕ ಬೇಕು, ಬಿಟ್ಟುಬಿಡ್ರಿ” ಎನ್ನುತ್ತಾರೆ. ಕ್ಷಮೆಯನ್ನು ಬೋಧಿಸಿದ ಯೇಸು, ಮಹಾಯಾಜಕನ ಮುಂದೆ ಒಬ್ಬ ಕೆನ್ನೆಗೆ ಹೊಡೆದಾಗ, ನಾನು ತಪ್ಪು ಮಾತಾಡಿದ್ದರೆ ತೋರಿಸು, ಇಲ್ಲದಿದ್ದರೆ ಹೊಡೆದದ್ದೇಕೆ ಎಂದು ಕೇಳಿದನು. ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆದು ಸೆರೆಗೆ ಹಾಕಿದ ಅಧಿಕಾರಿಗಳು ಮರುದಿನ ಗುಟ್ಟಾಗಿ ಹೋಗಿಬಿಡಿ ಎಂದಾಗ ಪೌಲನು ಒಪ್ಪಲಿಲ್ಲ. ನಾವು ರೋಮಿನ ಪ್ರಜೆಗಳು, ಅವರೇ ಬಂದು ಬಿಡಿಸಲಿ ಎಂದನು. ಮುಂದೆ ಕೈಸರನ ಮುಂದೆ ವಿಚಾರಣೆಗೂ ಮನವಿ ಮಾಡಿದನು. ನಮಗೆ ರೋಮಿನ ಪೌರತ್ವದ ಬದಲು ಭಾರತದ ಸಂವಿಧಾನವಿದೆ, ಧರ್ಮ ಸ್ವಾತಂತ್ರ್ಯ ಕೊಡುವ ಅದರ 25ನೇ ವಿಧಿಯಿದೆ. ಅದನ್ನು ಹಿಡಿದು ಠಾಣೆಯ ಮೆಟ್ಟಿಲು ಹತ್ತುವುದು ನಂಬಿಕೆಗೆ ಒಪ್ಪುವ ಕೆಲಸ.

ಕ್ಷಮೆಯೂ ನ್ಯಾಯವೂ ಒಟ್ಟಿಗೆ ಇರಬಲ್ಲವು ಎಂಬುದಕ್ಕೆ ನಮ್ಮ ದೇಶದಲ್ಲೇ ನಿದರ್ಶನವಿದೆ. 1999ರ ಜನವರಿ 22ರ ರಾತ್ರಿ ಒಡಿಶಾದ ಮನೋಹರಪುರದಲ್ಲಿ, ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಗ್ರಹಾಂ ಸ್ಟೇನ್ಸ್ ಹಾಗೂ ಅವರ 10 ಮತ್ತು 6 ವರ್ಷದ ಇಬ್ಬರು ಗಂಡುಮಕ್ಕಳನ್ನು ಜೀಪಿನಲ್ಲಿ ಮಲಗಿದ್ದಲ್ಲೇ ಸುಟ್ಟರು. ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದೆನೆಂದು ಹೇಳಿದರು. ದೇಶ ಬಿಟ್ಟು ಹೋಗದೆ ಬಾರಿಪದದ ರೋಗಿಗಳ ನಡುವೆ ವರ್ಷಗಟ್ಟಲೆ ಉಳಿದರು. ನ್ಯಾಯಾಲಯ ತನ್ನ ಕೆಲಸ ಮಾಡಿತು. ಮುಖ್ಯ ಅಪರಾಧಿಯ ಜೀವಾವಧಿ ಶಿಕ್ಷೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕ್ಷಮೆ ಗ್ಲಾಡಿಸ್ ಅವರ ಮನಸ್ಸಿನಿಂದ ಬಂದದ್ದು, ತೀರ್ಪು ದೇಶದ ಕಾನೂನಿನಿಂದ ಬಂದದ್ದು. ನೊಂದವರು ತಾವಾಗಿ ಕೊಡಬೇಕಾದ ಕ್ಷಮೆಯನ್ನು ಅವರ ಕೈಯಿಂದ ಕಿತ್ತು ಹಂಚುವ ಹಕ್ಕು ನಡುವಿನವರಿಗೆ ಇಲ್ಲ.

ಇದೇ ಸಾಲಿಗೆ ಜಾತಿಯ ನೋವೂ ಸೇರುತ್ತದೆ. ಬೆಳಗಾವಿಯಲ್ಲಿ ಲಂಡನ್ ಮಿಷನ್ ಕೆಲಸ ಶುರುಮಾಡಿದ್ದು 1820ರಲ್ಲಿ. 1904ರಲ್ಲಿ ಅದು ಮೆಥೊಡಿಸ್ಟರ ಕೈಗೆ ಬಂತು. ಊರ ಹೊರಗಿನ ಕೇರಿಗಳಿಂದ ಈ ನಂಬಿಕೆಗೆ ಬಂದ ಹಿರಿಯರಿಗೆ ಅಕ್ಷರ ಸಿಕ್ಕಿತು, ತಲೆಯೆತ್ತಿ ನಡೆಯುವ ಧೈರ್ಯ ಸಿಕ್ಕಿತು. ಕೇರಿಯ ಗಡಿ ಮಾತ್ರ ಪೂರ್ತಿ ಅಳಿಯಲಿಲ್ಲ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ದಲಿತ ಕ್ರೈಸ್ತರು ಇಂದಿಗೂ ಹೊರಗಿದ್ದಾರೆ. ಊರು ಅವರನ್ನು ಹಳೆಯ ಜಾತಿಯಿಂದಲೇ ಗುರುತಿಸುತ್ತದೆ, ಕಾಗದ ಗುರುತಿಸುವುದಿಲ್ಲ. ಇನ್ನೂ ನಾಚಿಕೆಯ ಮಾತೆಂದರೆ, ಮದುವೆಯ ಮಾತು ಬಂದಾಗ ನಮ್ಮ ಸಭೆಗಳೊಳಗೇ ಹಳೆಯ ಕೇರಿಗಳು ಎದ್ದು ನಿಲ್ಲುತ್ತವೆ. ಈ ನೋವಿಗೆ ದೇವರನ್ನು ಪ್ರಶ್ನಿಸುವ ಮೊದಲು ನಮ್ಮನ್ನು ನಾವು ಪ್ರಶ್ನಿಸಿಕೊಳ್ಳಬೇಕು.

ಉತ್ತರ ಸಿಗದ ನೋವು

ಇಷ್ಟೆಲ್ಲ ಬಿಡಿಸಿ ಹೇಳಿದ ಮೇಲೂ ಒಂದು ನೋವು ಉಳಿಯುತ್ತದೆ. ಮೂರು ವರ್ಷದ ಕೂಸಿಗೆ ರಕ್ತದ ಕ್ಯಾನ್ಸರ್ ಬರುತ್ತದೆ. ಗಂಡನನ್ನು ನಂಬಿ ಬಾಳಿದ ಹೆಣ್ಣುಮಗಳಿಗೆ ಅವನಿಂದಲೇ ಎಚ್‌ಐವಿ ಬರುತ್ತದೆ. ಅಲ್ಲಿ ನಿಯಮದ ಮಾತು, ಸ್ವಾತಂತ್ರ್ಯದ ಮಾತು ಯಾವುದೂ ಆ ಕೂಸಿನ ತಾಯಿಯ ಎದುರು, ಆ ಹೆಣ್ಣುಮಗಳ ಎದುರು ನಿಲ್ಲುವುದಿಲ್ಲ. ನಿಲ್ಲಿಸಲು ಹೋಗಲೂ ಬಾರದು.

ಆಗ ನಮ್ಮ ಕೈಯಲ್ಲಿ ಏನಿದೆ? ಮೊದಲನೆಯದಾಗಿ, ಅಳುವ ಹಕ್ಕಿದೆ. 150 ಕೀರ್ತನೆಗಳಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ದುಃಖದ ಮೊರೆಗಳು. ಇನ್ನೂ ಎಷ್ಟು ದಿನ, ಮುಖ ಏಕೆ ಮರೆಮಾಡಿಕೊಂಡಿದ್ದೀ ಎಂದು ದೇವರನ್ನೇ ನೇರವಾಗಿ ಕೇಳುವ ಹಾಡುಗಳು. 88ನೇ ಕೀರ್ತನೆಯಂತೂ ಕೊನೆಯವರೆಗೂ ಸಮಾಧಾನಕ್ಕೆ ಬರದೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ದೇವರ ವಾಕ್ಯವೆಂದೇ ನಮ್ಮ ಹಿರಿಯರು ಕಾಪಾಡಿ ಕೊಟ್ಟರು. ನಮ್ಮ ಆರಾಧನೆಗಳಲ್ಲಿ ಸ್ತೋತ್ರಕ್ಕೆ ಇರುವಷ್ಟು ಜಾಗ ಈ ಮೊರೆಗೆ ಇಲ್ಲ. ಸಾಕ್ಷಿ ಹೇಳುವ ಸಮಯದಲ್ಲಿ ಗೆದ್ದವರು ಮಾತ್ರ ಎದ್ದು ನಿಲ್ಲುತ್ತಾರೆ. ಇನ್ನೂ ವಾಸಿಯಾಗಿಲ್ಲ, ಆದರೂ ಬಂದಿದ್ದೇನೆ ಎನ್ನುವವಳ ಸಾಕ್ಷಿಯನ್ನು ನಾವು ಕೇಳುವುದೇ ಇಲ್ಲ. ನನ್ನ ಮಟ್ಟಿಗೆ ಅದು ಎಲ್ಲಕ್ಕಿಂತ ದೊಡ್ಡ ಸಾಕ್ಷಿ.

ಎರಡನೆಯದಾಗಿ, ನಮ್ಮ ದೇವರು ನೋವಿನ ಹೊರಗೆ ನಿಂತು ಕಾರಣ ವಿವರಿಸುವವನಲ್ಲ. ಲಾಜರನನ್ನು ಎಬ್ಬಿಸುವೆನೆಂದು ತಿಳಿದಿದ್ದರೂ ಯೇಸು ಅವನ ಸಮಾಧಿಯ ಮುಂದೆ ಅತ್ತನು. ಮುಂದೆ ಒಳ್ಳೆಯದಾಗುತ್ತದೆ ಎಂಬುದು ಗೊತ್ತಿದ್ದರೂ ಈಗಿನ ಅಳುವನ್ನು ಅವನು ತಡೆಯಲಿಲ್ಲ. ಗೆತ್ಸೆಮನೆಯ ತೋಟದಲ್ಲಿ ಈ ಪಾತ್ರೆ ತಪ್ಪಿಹೋಗಲಿ ಎಂದು ಬೇಡಿಕೊಂಡನು. ತಪ್ಪಲಿಲ್ಲ. ದೇವರ ಮಗನ ಪ್ರಾರ್ಥನೆಗೇ ಬೇಡಿದ ಉತ್ತರ ಸಿಗಲಿಲ್ಲವೆಂದ ಮೇಲೆ, ಉತ್ತರ ಸಿಗದ ಪ್ರಾರ್ಥನೆ ನಂಬಿಕೆಯ ಸೋಲು ಎಂದು ಯಾವ ಬಾಯಿಂದ ಹೇಳುವುದು? ಶಿಲುಬೆಯ ಮೇಲೆ ಅವನು ಕೈಬಿಟ್ಟವರ ಕೂಗನ್ನು ತನ್ನದಾಗಿ ಮಾಡಿಕೊಂಡನು. ಕೈಬಿಟ್ಟಂತೆ ಅನಿಸುವಾಗಲೂ ನಾವು ಅವನಿರುವ ಜಾಗದಲ್ಲೇ ಇದ್ದೇವೆ ಎಂಬುದು ಕ್ರೈಸ್ತ ನಂಬಿಕೆಯ ತಿರುಳು.

ಮೂರನೆಯದು ಪುನರುತ್ಥಾನದ ಭರವಸೆ. ಎದ್ದು ಬಂದ ಯೇಸುವಿನ ಕೈಗಳಲ್ಲಿ ಮೊಳೆಯ ಗುರುತು ಹಾಗೆಯೇ ಇತ್ತು, ತೋಮನು ಅದನ್ನು ನೋಡಿಯೇ ನಂಬಿದನು. ದೇವರು ಗಾಯವನ್ನು ಇಲ್ಲವೆನಿಸದೆ ಅದನ್ನು ದಾಟಿಸಿ ಬದುಕು ಕೊಡುತ್ತಾನೆ. ಸಾವಿಗೆ ಕೊನೆಯ ಮಾತು ಇಲ್ಲವೆಂದು ನಂಬುವವರಿಗೆ ಸಾವಿನ ಮನೆಯಲ್ಲಿ ಸುಳ್ಳು ಸಮಾಧಾನ ಹೇಳುವ ಅಗತ್ಯವಿರುವುದಿಲ್ಲ.

ನೋವನ್ನು ದಾಟಿ ಬಂದವರು ಏನು ಮಾಡಬಲ್ಲರೆಂದು ನೋಡಲು ಘಟಪ್ರಭಾ ಊರಿಗೆ ಹೋದರೆ ಸಾಕು. 1982ರಲ್ಲಿ ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದ ಮೇಲೂ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟುವುದು ನಿಲ್ಲಲಿಲ್ಲ. ಆ ಬಾಳನ್ನು ಬಾಳಿದ ಹೆಣ್ಣುಮಕ್ಕಳೇ 1997ರಲ್ಲಿ ಘಟಪ್ರಭಾದಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿ, ಬೇರೆ ಹುಡುಗಿಯರು ಆ ಪದ್ಧತಿಗೆ ಬೀಳದಂತೆ ತಡೆದರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರು ನಮ್ಮ ಸಭೆಯವರಲ್ಲ. ಆದರೆ ನಮಗೆ ಸಿಕ್ಕ ಸಮಾಧಾನದಿಂದಲೇ ಇತರರನ್ನು ಸಂತೈಸಬೇಕೆಂದು ಪೌಲನು ಕೊರಿಂಥದವರಿಗೆ ಬರೆದದ್ದರ ಅರ್ಥವನ್ನು ಅವರ ಕೆಲಸದಲ್ಲಿ ಕಣ್ಣಾರೆ ಕಾಣಬಹುದು. ಅವರಿಗಾದ ಅನ್ಯಾಯ ಇದರಿಂದ ಒಳ್ಳೆಯದಾಗಲಿಲ್ಲ. ಅನ್ಯಾಯ ಅನ್ಯಾಯವೇ. ಅದರ ಕೈಗೆ ತಮ್ಮ ಬಾಳಿನ ಉಳಿದ ಭಾಗವನ್ನು ಕೊಡದೆ ಇದ್ದದ್ದು ಅವರ ದೊಡ್ಡತನ.

ನಮ್ಮ ಸಭೆಗಳು ಮಾಡಬೇಕಾದದ್ದು

ಕೊನೆಯದಾಗಿ ಈ ಮೂರು ತಾಲೂಕುಗಳ ಸಭೆಗಳ ಮುಂದೆ ಕೆಲವು ಬೇಡಿಕೆಗಳನ್ನು ಇಡುತ್ತೇನೆ.

ಕಾಯಿಲೆಯವರ ಮನೆಗೆ ಹೋದಾಗ ಪಾಪದ ವಿಚಾರಣೆ ಮಾಡಬೇಡಿ. ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ನೆರೆಯವರು ರೊಟ್ಟಿ, ಪಲ್ಯ, ಅನ್ನ ಮಾಡಿ ಒಯ್ಯುವ ಪದ್ಧತಿ ನಮ್ಮಲ್ಲಿದೆ. ಆ ರೊಟ್ಟಿಯಲ್ಲಿ ಇರುವಷ್ಟು ದೇವಜ್ಞಾನ ಎಷ್ಟೋ ಪ್ರಸಂಗಗಳಲ್ಲಿ ಇರುವುದಿಲ್ಲ. ಮಾತು ತೋಚದಿದ್ದರೆ ಊಟ ಒಯ್ಯಿರಿ, ಸುಮ್ಮನೆ ಕೂತು ಬನ್ನಿ.

ಪ್ರಾರ್ಥನೆ ಮಾಡಿಸುವವರು ರೋಗಿಯ ಗುಳಿಗೆ ಮುಗಿದಿದೆಯೇ ಎಂದೂ ಕೇಳಿ. ಸರ್ಕಾರಿ ದವಾಖಾನೆಗೆ ಕರೆದೊಯ್ಯಲು ಜೊತೆಗೆ ಹೋಗಿ. ಗುಣವಾಗದವರನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ಸರಿಸಬೇಡಿ.

ತಿಂಗಳಲ್ಲಿ ಒಂದು ಭಾನುವಾರವಾದರೂ ದುಃಖದ ಕೀರ್ತನೆಗಳನ್ನು ಪೂರ್ತಿಯಾಗಿ ಓದಿ. ಜನ ಅಳುವುದಾದರೆ ಅಳಲಿ. ದೇವರ ಮನೆಯಲ್ಲಿ ಅಳಲಾರದವರು ಬೇರೆ ಎಲ್ಲಿ ಅಳಬೇಕು?

ಯಾರದೇ ಮನೆಯ ಮೇಲೆ ದಾಳಿಯಾದಾಗ ಆ ಮನೆಯವರನ್ನು ಒಬ್ಬರನ್ನೇ ಠಾಣೆಗೆ ಕಳಿಸಬೇಡಿ. ಮೆಥೊಡಿಸ್ಟರು, ಕಥೋಲಿಕರು, ಸಣ್ಣ ಪ್ರಾರ್ಥನಾ ಮಂದಿರದವರು ಎಂಬ ಭೇದ ಬಿಟ್ಟು ಜೊತೆಗೆ ಹೋಗಿ. ವಕೀಲರ ಖರ್ಚಿಗೆ ಕೈಜೋಡಿಸಿ. ಕೋರ್ಟಿನ ತಾರೀಖುಗಳು ವರ್ಷಗಟ್ಟಲೆ ಎಳೆದರೂ ಜೊತೆ ಬಿಡಬೇಡಿ. ಅಷ್ಟೇ ಮುಖ್ಯವಾಗಿ, ಪೆಟ್ಟು ತಿಂದವರು ಮುಸ್ಲಿಮರಿರಲಿ, ದೇವಸ್ಥಾನದೊಳಗೆ ಬಿಡಲಿಲ್ಲವೆಂದು ನೊಂದ ದಲಿತ ಹಿಂದೂಗಳಿರಲಿ, ಅವರ ಪಕ್ಕದಲ್ಲೂ ಹೀಗೆಯೇ ನಿಲ್ಲಿ. ನಮ್ಮ ಗಾಯಕ್ಕೆ ಮಾತ್ರ ನ್ಯಾಯ ಕೇಳುವ ನಂಬಿಕೆ ಶಿಲುಬೆಯ ನಂಬಿಕೆಯಾಗಲಾರದು.

ನೆರೆ ಬರುವ ಮೊದಲೇ ತಗ್ಗಿನ ಓಣಿಯಲ್ಲಿ ಒಂಟಿಯಾಗಿರುವ ಮುದುಕರ, ಅಂಗವಿಕಲರ, ಬಾಣಂತಿಯರ ಪಟ್ಟಿ ಮಾಡಿಡಿ, ಎಲ್ಲ ಜಾತಿ-ಮತದವರದೂ ಸೇರಿಸಿ. ಚರ್ಚು ಎತ್ತರದಲ್ಲಿದ್ದರೆ ಅದರ ಕೀಲಿಕೈ ಎರಡು ಮೂರು ಮನೆಗಳಲ್ಲಿ ಇರಲಿ. ಮಳೆಗಾಲದಲ್ಲಿ ನಂಬಿಕೆಯನ್ನು ಹೀಗೆ ತೋರಿಸಬೇಕು.

ನಂಬಿದವರಿಗೂ ನೋವೇಕೆ ಎಂಬ ಪ್ರಶ್ನೆಗೆ ಪೂರ್ತಿ ಉತ್ತರವನ್ನು ಈ ಬಾಳಿನಲ್ಲಿ ಯಾರೂ ಕೊಡಲಾರರು, ಯೋಬನಿಗೂ ಅದು ಸಿಗಲಿಲ್ಲ. ದೇವರು ಅವನಿಗೆ ಕಾರಣ ಹೇಳಲಿಲ್ಲ, ಎದುರಿಗೆ ಬಂದನು. ಅಷ್ಟರಲ್ಲೇ ಯೋಬನಿಗೆ ತೃಪ್ತಿಯಾಯಿತು. ನಾವು ದೇವರಲ್ಲ, ಆದರೆ ಎದುರಿಗೆ ಬರುವುದು ನಮ್ಮಿಂದ ಆಗುವ ಕೆಲಸ. ನಂಬಿಕೆ ನೋವನ್ನು ತಪ್ಪಿಸುತ್ತದೆಂದು ಸುಳ್ಳು ಮಾತು ಕೊಡುವುದನ್ನು ಇಂದಿನಿಂದ ಬಿಡೋಣ. ನೊಂದವರನ್ನು ಒಂಟಿಯಾಗಿ ಬಿಡುವುದಿಲ್ಲ ಎಂಬ ಮಾತನ್ನು ಕೊಡೋಣ, ಕೊಟ್ಟ ಮೇಲೆ ಉಳಿಸಿಕೊಳ್ಳೋಣ.